ಸಿಗ್ನಲ್ ಬೇಡ, ನಮ್ಮ ಸಮಯದ ಲೆಕ್ಕ ಕೊಡಿ

ಬೆಂಗಳೂರಿನ ಟ್ರಾಫಿಕ್ ಜಗತ್ತಿಗೇ ಸುದ್ದಿ. ಟಾಮ್‌ಟಾಮ್ ಕಂಪನಿಯ 2023ರ ಸೂಚ್ಯಂಕದ ಪ್ರಕಾರ ಅಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಬೇಕು. ಸೆಕೆಂಡಿನವರೆಗೂ ಲೆಕ್ಕ ಸಿಗುತ್ತದೆ. ಆದರೆ ರಾಮದುರ್ಗ ತಾಲ್ಲೂಕಿನ ಹಳ್ಳಿಯೊಂದರಿಂದ ಸುಮಾರು 100 ಕಿಲೋಮೀಟರ್ ದೂರದ ಬೆಳಗಾವಿ ಜಿಲ್ಲಾಸ್ಪತ್ರೆ ತಲುಪಲು ಎಷ್ಟು ಹೊತ್ತು ಬೇಕು? ಸವದತ್ತಿಯ ಹುಡುಗಿಯೊಬ್ಬಳು ಧಾರವಾಡದ ಕಾಲೇಜಿಗೆ ಹೋಗಿಬರಲು ದಿನಕ್ಕೆ ಎಷ್ಟು ತಾಸು ಕಳೆದುಕೊಳ್ಳುತ್ತಾಳೆ? ಈ ಲೆಕ್ಕವನ್ನು ಯಾರೂ ವರ್ಷವರ್ಷ ಪ್ರಕಟಿಸುವುದಿಲ್ಲ, ಅದರ ಮೇಲೆ ಟಿವಿಯಲ್ಲಿ ಚರ್ಚೆಯೂ ಆಗುವುದಿಲ್ಲ.

ಇದನ್ನು ನಾನು ತಂತ್ರಜ್ಞಾನದ ಕೊರತೆ ಅಂತ ಕರೆಯುವುದಿಲ್ಲ. ಯಾರ ಸಮಯಕ್ಕೆ ಬೆಲೆ ಇದೆ ಎನ್ನುವ ರಾಜಕೀಯ ಪ್ರಶ್ನೆ ಇದು.

ಮೊದಲು ತಂತ್ರಜ್ಞಾನ ಏನು ಮಾಡುತ್ತದೆ ನೋಡೋಣ. ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸುವ ಸಾಫ್ಟ್‌ವೇರ್‌ನ ಮೂಲ ಲೆಕ್ಕ ಬಹಳ ಸರಳ. ಎರಡು ಸಿಗ್ನಲ್ ನಡುವೆ 400 ಮೀಟರ್ ದೂರ ಇದೆ, ವಾಹನಗಳು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 10 ಮೀಟರ್. ಮೊದಲ ಸಿಗ್ನಲ್ ಹಸಿರಾದ 40 ಸೆಕೆಂಡ್ ನಂತರ ಎರಡನೆಯದು ಹಸಿರಾದರೆ ಗಾಡಿ ನಿಲ್ಲದೆ ಹೋಗುತ್ತದೆ. ಇದನ್ನೇ 'ಹಸಿರು ಅಲೆ' ಅನ್ನುತ್ತಾರೆ. ಕ್ಯಾಮೆರಾ, ಸೆನ್ಸರ್ ಸೇರಿಸಿ, ವಾಹನಗಳ ಸಾಲು ನೋಡಿ ಹಸಿರಿನ ಅವಧಿಯನ್ನು ತಾನೇ ಹಿಗ್ಗಿಸಿ ಕುಗ್ಗಿಸಿದರೆ ಅದು ಅಡಾಪ್ಟಿವ್ ಸಿಗ್ನಲ್. ಬೈಕು, ಆಟೊ, ಬಸ್ಸು ಎಲ್ಲ ಒಟ್ಟಿಗೆ ನುಗ್ಗುವ ನಮ್ಮ ರಸ್ತೆಗಳಿಗಾಗಿಯೇ ಸಿ-ಡ್ಯಾಕ್ ಸಂಸ್ಥೆ 'ಕಾಸಿಕಾಸ್ಟ್' ಎಂಬ ವ್ಯವಸ್ಥೆ ರೂಪಿಸಿದೆ. ಬೆಂಗಳೂರಿನ ಜಂಕ್ಷನ್‌ಗಳಲ್ಲಿ ಇದು ಬಳಕೆಯಲ್ಲಿದೆ. 2022ರಲ್ಲಿ ಗೂಗಲ್ ಕೂಡ ಬೆಂಗಳೂರು ಸಂಚಾರ ಪೊಲೀಸರ ಜೊತೆ ಸಿಗ್ನಲ್ ಸಮಯ ಸರಿಪಡಿಸುವ ಕೆಲಸಕ್ಕೆ ಕೈಜೋಡಿಸಿತು.

ಇದೆಲ್ಲ ಬೈಲಹೊಂಗಲಕ್ಕೆ ಬೇಕಾ? ನನ್ನ ಉತ್ತರ: ಸಿಗ್ನಲ್ ಅಷ್ಟೇನೂ ಬೇಡ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಪುರಸಭೆಯ ಊರುಗಳು, ಕಿತ್ತೂರು ಪಟ್ಟಣ ಪಂಚಾಯತಿ. ಎಲ್ಲಿ ಸಿಗ್ನಲ್ ಹಾಕಬೇಕು ಎನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡಗಳಿವೆ. ಗಂಟೆಗೆ ಇಂತಿಷ್ಟು ವಾಹನ ದಾಟದ ವೃತ್ತದಲ್ಲಿ ಸಿಗ್ನಲ್ ಹಾಕಿದರೆ ಜನ ಸುಮ್ಮನೆ ನಿಲ್ಲಬೇಕು, ಇಲ್ಲವೇ ಕೆಂಪು ದೀಪ ಇದ್ದಾಗಲೇ ನುಗ್ಗಬೇಕು. 'ಸ್ಮಾರ್ಟ್' ಹೆಸರಿನಲ್ಲಿ ದೀಪದ ಕಂಬ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ನಮ್ಮ ಊರುಗಳಿಗೆ ಬೇಕಾದ್ದು ಇದೇ ತಂತ್ರಜ್ಞಾನದ ಇನ್ನೊಂದು ಅರ್ಧ, ಅಂದರೆ ಪ್ರಯಾಣದ ಸಮಯದ ವಿಶ್ಲೇಷಣೆ.

ಅದರಲ್ಲಿ ಒಂದು ಮುಖ್ಯ ಪಾಠವಿದೆ: ಸರಾಸರಿಯನ್ನು ನಂಬಬೇಡಿ. ಒಂದು ಹಳ್ಳಿಯಿಂದ ಕಾಲೇಜಿಗೆ 20 ದಿನಗಳಲ್ಲಿ 19 ದಿನ 50 ನಿಮಿಷ, ಒಂದು ದಿನ 2 ತಾಸು ಹಿಡಿಯುತ್ತದೆ ಎಂದುಕೊಳ್ಳಿ. ಸರಾಸರಿ 53 ನಿಮಿಷ ಚಿಲ್ಲರೆ ಬರುತ್ತದೆ. ಕಾಗದದ ಮೇಲೆ ಚಂದ ಕಾಣುತ್ತದೆ. ಆದರೆ ಆ ಕೆಟ್ಟ ದಿನ ಯಾವುದು ಅಂತ ಮೊದಲೇ ಗೊತ್ತಿರುವುದಿಲ್ಲವಲ್ಲ. ಪರೀಕ್ಷೆ ಇರುವ ಹುಡುಗ 2 ತಾಸು ಮೊದಲೇ ಮನೆ ಬಿಡಬೇಕು. ಅದಕ್ಕೇ ಸಂಚಾರ ತಜ್ಞರು ಸರಾಸರಿಯ ಜೊತೆ, 100ರಲ್ಲಿ 95 ಪ್ರಯಾಣಗಳು ಎಷ್ಟು ಸಮಯದೊಳಗೆ ಮುಗಿಯುತ್ತವೆ ಎಂಬುದನ್ನೂ ನೋಡುತ್ತಾರೆ. "ಬಸ್ ಯಾವಾಗ ಬರತೈತ್ರಿ?" ಅಂದರೆ "ಬಂದಾಗ ಬರತೈತಿ" ಅನ್ನುವ ಕಡೆ ಈ ಅಂಕಿಗೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ.

ಇನ್ನೊಂದು ಪಾಠ: ಕಂಪನಿಗಳ ಸಾಫ್ಟ್‌ವೇರ್ ನಮ್ಮ ಊರಿನ ಕಾಲವನ್ನು ತಾನಾಗಿಯೇ ಅರ್ಥಮಾಡಿಕೊಳ್ಳುವುದಿಲ್ಲ. ಮ್ಯಾಪ್‌ಗಳು ಸಾಮಾನ್ಯವಾಗಿ ವಾರದ ಲೆಕ್ಕದಲ್ಲಿ ಕಲಿಯುತ್ತವೆ: ಸೋಮವಾರ ಬೆಳಿಗ್ಗೆ ಹೀಗೆ, ಶನಿವಾರ ಸಂಜೆ ಹೀಗೆ ಅಂತ. ಸವದತ್ತಿಯ ದಟ್ಟಣೆ ನಡೆಯುವುದು ಚಂದ್ರನ ಲೆಕ್ಕದಲ್ಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರ, ಗೋವಾದಿಂದ ಲಕ್ಷಾಂತರ ಜನ ಬರುತ್ತಾರೆ. ಬಸ್ಸು, ಟ್ರ್ಯಾಕ್ಟರ್, ಚಕ್ಕಡಿ ಎಲ್ಲ ಒಂದೇ ರಸ್ತೆ ಮೇಲೆ. ಕಿತ್ತೂರು-ಬೈಲಹೊಂಗಲ ಭಾಗಕ್ಕೆ ಬಂದರೆ ಅಲ್ಲಿನ ಕಾಲ ಕಬ್ಬಿನ ಹಂಗಾಮು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆ ನುರಿಸಲು ಶುರುಮಾಡಿತೆಂದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಬಸ್ಸು ತೆವಳುತ್ತದೆ. ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಷ್ಟವೇನಲ್ಲ. ಹುಣ್ಣಿಮೆ ಯಾವತ್ತು ಎಂದು ಪಂಚಾಂಗ ಮೊದಲೇ ಹೇಳುತ್ತದೆ. ಆದರೆ ಹಾಗೆ ಮಾಡಿ ಅಂತ ಯಾರಾದರೂ ಕೇಳಬೇಕು. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಆ ಹಣದಲ್ಲಿ ಕಟ್ಟಡಗಳು ಏಳಲಿ, ಬೇಡ ಅನ್ನಲ್ಲ. ಗುಡ್ಡ ಹತ್ತಿ ಇಳಿಯಲು ಭಕ್ತರಿಗೆ, ಅದೇ ದಿನ ಅದೇ ರಸ್ತೆಯಲ್ಲಿ ಆಸ್ಪತ್ರೆಗೆ ಹೊರಟವರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೂ ಯೋಜನೆಯ ಭಾಗವಾಗಲಿ.

ಮೂರನೆಯದು ನೇರ ರಾಜಕೀಯದ ಪಾಠ. ಸಾಫ್ಟ್‌ವೇರ್ ಯಾವುದನ್ನು ಎಣಿಸುತ್ತದೆ? ವಾಹನವನ್ನೋ, ಮನುಷ್ಯರನ್ನೋ? ಒಂದು ಕಡೆ 15 ಜನರಿರುವ 10 ಕಾರು, ಇನ್ನೊಂದು ಕಡೆ 60 ಜನರಿರುವ ಒಂದು ಬಸ್ಸು. ವಾಹನ ಎಣಿಸುವ ಯಂತ್ರ ಕಾರುಗಳಿಗೆ ಹಸಿರು ಕೊಡುತ್ತದೆ, ಜನರನ್ನು ಎಣಿಸುವ ಯಂತ್ರ ಬಸ್ಸಿಗೆ ಕೊಡುತ್ತದೆ. ಇದಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್‌ನಲ್ಲಿ 'ಚಿಗರಿ' ಬಸ್ಸುಗಳಿಗೆ ಪ್ರತ್ಯೇಕ ದಾರಿ, ಸಿಗ್ನಲ್‌ನಲ್ಲಿ ಆದ್ಯತೆ ಎಂಬ ತತ್ವ ಬಂತು. 2018ರಲ್ಲಿ ಓಡಾಟ ಶುರುವಾಗಿ, 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ ಆಯಿತು. ನಿರ್ವಹಣೆ ಸೊರಗಿದ ಬಗ್ಗೆ ದೂರುಗಳಿವೆ, ಅವು ನ್ಯಾಯವಾದವೇ. ಆದರೆ ಇಡೀ ವ್ಯವಸ್ಥೆಯನ್ನೇ ತೆಗೆದುಹಾಕಿ ಎನ್ನುವ ಕೂಗಿನಲ್ಲಿ 'ಬಸ್ಸಿಗೆ ಯಾಕೆ ಇಷ್ಟು ಜಾಗ' ಎಂಬ ಅಸಮಾಧಾನವೂ ನನಗೆ ಕೇಳಿಸುತ್ತದೆ. ಆ ಬಸ್ಸಿನೊಳಗೆ ಎಷ್ಟು ಜನ ಇದ್ದಾರೆ ಅಂತ ಎಣಿಸದೆ ಈ ಪ್ರಶ್ನೆ ಕೇಳುವುದು ಸರಿಯಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ನಾಲ್ಕೂ ಊರುಗಳಿಗೆ ಇವತ್ತಿಗೂ ರೈಲು ಇಲ್ಲ. ಕಿತ್ತೂರು ಮೂಲಕ ಧಾರವಾಡ-ಬೆಳಗಾವಿ ನಡುವೆ 73 ಕಿಲೋಮೀಟರ್ ಹೊಸ ಮಾರ್ಗ ಘೋಷಣೆಯಾಗಿ ವರ್ಷಗಳೇ ಕಳೆದಿವೆ. ಹಾಗಾಗಿ ಬಸ್ಸೇ ಜೀವನಾಡಿ. ಕಾರು, ಫೋನಿನಿಂದ ಹುಟ್ಟುವ ಡೇಟಾದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ಕಾದು ನಿಂತವರ ಸಮಯ ಕಾಣುವುದೇ ಇಲ್ಲ. ಗಾಡಿ ಹತ್ತಿದ ಮೇಲೆ ಮಾತ್ರ ಗಡಿಯಾರ ಶುರುವಾಗುತ್ತದೆ.

ಹಾಗಾದರೆ ಡೇಟಾ ಎಲ್ಲಿಂದ ತರೋದು? ಅದು ಕಂಡಕ್ಟರ್ ಕೈಯಲ್ಲೇ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳಿಗೆ ಪ್ರತಿ ಪ್ರಯಾಣಕ್ಕೂ ಶೂನ್ಯ ಟಿಕೆಟ್ ಹರಿಯುತ್ತಾರೆ. 2025ರ ಜುಲೈನಲ್ಲಿ ಅಂಥ ಟಿಕೆಟ್‌ಗಳ ಸಂಖ್ಯೆ 500 ಕೋಟಿ ದಾಟಿತು. ಎಲ್ಲಿ ಹತ್ತಿದರು, ಎಲ್ಲಿಗೆ ಟಿಕೆಟ್ ಪಡೆದರು, ಎಷ್ಟು ಗಂಟೆಗೆ ಎಂಬುದು ಟಿಕೆಟ್ ಯಂತ್ರದಲ್ಲಿ ದಾಖಲಾಗುತ್ತದೆ. ನಮ್ಮ ಹೆಣ್ಣುಮಕ್ಕಳ ಓಡಾಟದ ಇಷ್ಟು ದೊಡ್ಡ ದಾಖಲೆ ಹಿಂದೆಂದೂ ಇರಲಿಲ್ಲ. ಅದನ್ನು ಬರೀ ಸಂಸ್ಥೆಗೆ ಬರಬೇಕಾದ ಹಣದ ಲೆಕ್ಕಕ್ಕೆ ಬಳಸಿದರೆ ಸಾಲದು. ಯಾವ ಊರಿನಲ್ಲಿ ಯಾವ ಹೊತ್ತಿಗೆ ಬಸ್ ಕೊರತೆ ಇದೆ ಎಂಬುದನ್ನೂ ಅದು ಹೇಳಬಲ್ಲದು. ಇದು ಅಸಾಧ್ಯದ ಮಾತಲ್ಲ. ದೆಹಲಿ ಸರ್ಕಾರ 2018ರಲ್ಲೇ ಬಸ್ಸುಗಳು ಎಲ್ಲಿವೆ ಎಂಬ ಮಾಹಿತಿಯನ್ನು ಎಲ್ಲರ ಬಳಕೆಗೆ ಮುಕ್ತವಾಗಿ ಇಟ್ಟಿತು. ವಿಶ್ಲೇಷಣೆಗೆ ಬೇಕಾದ ಕ್ಯೂಜಿಐಎಸ್, ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಸಾಧನಗಳು ಉಚಿತ. ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಒಂದು ಸೆಮಿಸ್ಟರಿನಲ್ಲಿ ಮಾಡಬಹುದಾದ ಕೆಲಸ.

ಇಲ್ಲೊಂದು ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಇದೇ ಡೇಟಾ ತೋರಿಸಿ 'ಈ ಹಳ್ಳಿಗೆ ಸಂಜೆ ಬಸ್ಸಿನಲ್ಲಿ ಆರೇ ಜನ, ನಷ್ಟ, ನಿಲ್ಲಿಸಿ' ಅನ್ನಲೂಬಹುದು. ಆ ಆರು ಜನರಲ್ಲಿ ನಾಲ್ವರು ಕಾಲೇಜು ಹುಡುಗಿಯರಾಗಿದ್ದು, ಬಸ್ ನಿಂತರೆ ಅವರ ಓದೂ ನಿಲ್ಲುತ್ತದೆ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಡೇಟಾ ಇದ್ದರೆ ಸಾಲದು. ಅದಕ್ಕೆ ಕೇಳುವ ಪ್ರಶ್ನೆ 'ಎಷ್ಟು ಆದಾಯ?' ಎಂಬುದಕ್ಕಿಂತ ಮೊದಲು 'ಯಾರು ಎಷ್ಟು ಹೊತ್ತಿನಲ್ಲಿ ಎಲ್ಲಿಗೆ ತಲುಪಬಲ್ಲರು?' ಎಂದಾಗಬೇಕು. ಬಸ್ ಬಿಡುವುದು, ಆಂಬ್ಯುಲೆನ್ಸ್ ನಿಲ್ಲಿಸುವ ಜಾಗ, ಕಡೆಗೆ ವರ್ಷಗಳಿಂದ ನಡೆದಿರುವ ಬೆಳಗಾವಿ ಜಿಲ್ಲೆ ವಿಭಜನೆಯ ಚರ್ಚೆ, ಎಲ್ಲವೂ ಈಗ ಕಿಲೋಮೀಟರ್ ಮತ್ತು ಭಾವನೆಯ ಮೇಲೆ ನಡೆಯುತ್ತಿವೆ. ತಾಸು-ನಿಮಿಷದ ಲೆಕ್ಕ ಎದುರಿಗಿದ್ದರೆ ಮಾತಿನ ದಿಕ್ಕೇ ಬದಲಾಗುತ್ತದೆ.

ನಾನು ಕೇಳುವುದು ಮೂರೇ. ಒಂದು, ವಾಯವ್ಯ ಸಾರಿಗೆ ಸಂಸ್ಥೆ ಮಾರ್ಗವಾರು ಪ್ರಯಾಣ ಮತ್ತು ಸಮಯದ ಮಾಹಿತಿಯನ್ನು, ಪ್ರಯಾಣಿಕರ ಗುರುತು ಬಿಟ್ಟು, ಪ್ರಕಟಿಸಲಿ. ಎರಡು, ಪ್ರತಿ ತಾಲ್ಲೂಕಿನಲ್ಲಿ ಕಾಲೇಜು, ಆಸ್ಪತ್ರೆ, ತಾಲ್ಲೂಕು ಕಚೇರಿ ತಲುಪುವ ಸಮಯವನ್ನು ಕಾಯುವ ಹೊತ್ತನ್ನೂ ಸೇರಿಸಿ ಅಳೆಯಲಿ, ಸರಾಸರಿ ಜೊತೆ ಕೆಟ್ಟ ದಿನದ ಲೆಕ್ಕವೂ ಇರಲಿ. ಮೂರು, ಆ ವರದಿ ಕನ್ನಡದಲ್ಲಿ ಪುರಸಭೆ, ಗ್ರಾಮಸಭೆಗಳ ಮುಂದೆ ಬರಲಿ.

ತಾನಾಗಿಯೇ ಮಾಹಿತಿ ಪ್ರಕಟಿಸುವುದು ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4ರ ಪ್ರಕಾರ ಸಾರ್ವಜನಿಕ ಸಂಸ್ಥೆಗಳ ಕರ್ತವ್ಯ. ಅದಕ್ಕಾಗಿ ಕಾಯಬೇಕಿಲ್ಲ, ಕೇಳಿಯೂ ಪಡೆಯಬಹುದು. ಅರ್ಜಿಗೆ 10 ರೂಪಾಯಿ ಸಾಕು. ನಿಮ್ಮೂರಿನ ಸಂಜೆ ಬಸ್ಸು ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಹೇಳಿದ ಹೊತ್ತಿಗೆ ಬಂತು? ಅಲ್ಲಿಂದಲೇ ಶುರುಮಾಡಿ.