ಹಿತ್ತಾಳೆಯ ಟೋಕನ್

ಜಯನಗರದ ನಾಲ್ಕನೆಯ ಬ್ಲಾಕಿನ ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರು ಒಂದು ಸಂಜೆ ಮಗನನ್ನು ಕೇಳಿದರು: “ಅಲ್ಲಯ್ಯಾ, ನಿನ್ನ ಹಣ ಈಥೀರಿಯಂನಿಂದ ಪಾಲಿಗಾನ್‌ಗೆ ಹೋಯಿತೆನ್ನುತ್ತೀಯೆ. ಹೋದದ್ದು ಏನು?”

“ಏನೂ ಹೋಗುವುದಿಲ್ಲ, ಅಪ್ಪ” ಎಂದ ಮಗ. ಪ್ರಾಮಾಣಿಕವಾದ ಉತ್ತರ.

ಬ್ಲಾಕ್‌ಚೈನ್ ಎಂಬುದು ಅನೇಕ ಗಣಕಯಂತ್ರಗಳು ಒಟ್ಟಾಗಿ ಕಾಯುವ ಲೆಕ್ಕದ ಪುಸ್ತಕ. ಒಂದು ಪುಸ್ತಕದ ಸುದ್ದಿ ಇನ್ನೊಂದಕ್ಕೆ ತಾನಾಗಿ ತಿಳಿಯದು. ಆದುದರಿಂದಲೇ ನಡುವೆ ‘ಸೇತುವೆ’. ಹೆಸರಿಗೆ ಸೇತುವೆಯೇ ಹೊರತು ಅದನ್ನು ಯಾವ ನಾಣ್ಯವೂ ದಾಟುವುದಿಲ್ಲ. ಈಚೆಯ ಪುಸ್ತಕದಲ್ಲಿ ಮೂಲಧನಕ್ಕೆ ಬೀಗ ಬೀಳುತ್ತದೆ. ಆಚೆಯದರಲ್ಲಿ ಅಷ್ಟೇ ಮೊತ್ತದ ಟೋಕನ್ ಹುಟ್ಟುತ್ತದೆ. ಹಿಂದಿರುಗಬೇಕಾದಾಗ ಆ ಟೋಕನನ್ನು ಸುಟ್ಟು, ಸುಟ್ಟುದಕ್ಕೆ ಪುರಾವೆ ತೋರಿಸಿದರೆ ಈಚೆಯ ಬೀಗ ತೆರೆಯುತ್ತದೆ.

ಗುಮಾಸ್ತರ ಮುಖವರಳಿತು. ಚೆಕ್ಕು ಒಳಗೆ ಕೊಟ್ಟವರಿಗೆ ಅಂಕೆ ಕೊರೆದ ಹಿತ್ತಾಳೆಯ ಟೋಕನ್. ನಗದು ಗುಮಾಸ್ತರು ಅಂಕೆ ಕೂಗಿದಾಗ ಅದನ್ನೊಪ್ಪಿಸಿ ಹಣ ಪಡೆಯಬೇಕಿತ್ತು. “ಒಂದೇ ಟೋಕನಿಗೆ ಎರಡು ಸಲ ಹಣ ಕೊಟ್ಟುಬಿಟ್ಟರೆ?” ಎಂದರು. ಬ್ಯಾಂಕಿನವರ ಬುದ್ಧಿಗೆ ನಿವೃತ್ತಿಯಿಲ್ಲ!

ಅವರು ಕೇಳಿದ್ದು ನಡೆಯಬಹುದಾಗಿದ್ದ ಸಂಗತಿಯೇ. ಭಾರತದ ತರುಣರು 2017ರಲ್ಲಿ ‘ಮ್ಯಾಟಿಕ್’ ಎಂದು ಆರಂಭಿಸಿದ ಜಾಲವೇ ಇಂದಿನ ಪಾಲಿಗಾನ್. ಅದರ ಪ್ಲಾಸ್ಮಾ ಸೇತುವೆಯಲ್ಲೊಂದು ದೋಷವನ್ನು 2021ರ ಅಕ್ಟೋಬರಿನಲ್ಲಿ ಗೆರ್ಹಾರ್ಡ್ ವ್ಯಾಗ್ನರ್ ಎಂಬವರು ಕಂಡುಹಿಡಿದರು. ಪುರಾವೆಯ ಒಂದು ಬೈಟನ್ನು ತಿದ್ದಿದರೆ ಸಾಕು, ಸೇತುವೆ ಅದನ್ನು ಹೊಸ ಪುರಾವೆಯೆಂದೇ ನಂಬುತ್ತಿತ್ತು. ಎರಡು ಸಲವಲ್ಲ, 223 ಸಲ! 2 ಲಕ್ಷ ಡಾಲರು ಇಟ್ಟವನು 4 ಕೋಟಿ 46 ಲಕ್ಷ ಹೊತ್ತೊಯ್ಯಬಹುದಿತ್ತು. ಅಪಾಯದಲ್ಲಿದ್ದುದು ಸುಮಾರು 85 ಕೋಟಿ ಡಾಲರು. ಸದ್ದಿಲ್ಲದೆ ತಿಳಿಸಿದ ವ್ಯಾಗ್ನರ್ ಅವರಿಗೆ 20 ಲಕ್ಷ ಡಾಲರುಗಳ ಬಹುಮಾನ ಸಂದಿತು. ದೋಷ ತಿದ್ದಲ್ಪಟ್ಟಿತು, ಯಾರ ಹಣವೂ ಹೋಗಲಿಲ್ಲ.

ಎಲ್ಲ ಸೇತುವೆಗಳೂ ಇಷ್ಟು ಪುಣ್ಯ ಮಾಡಿರಲಿಲ್ಲ. 2022ರ ಮಾರ್ಚಿನಲ್ಲಿ ರೋನಿನ್ ಸೇತುವೆಯ 9 ಕೀಲಿಗಳಲ್ಲಿ 5 ಕಳ್ಳರ ಕೈಸೇರಿ, 1,73,600 ಈಥರ್ ಮಾಯವಾಯಿತು. ಕಾವಲಿನವರಿಗೆ ಅದು ತಿಳಿದದ್ದು ಆರು ದಿನಗಳ ಮೇಲೆ, ಗಿರಾಕಿಯೊಬ್ಬ ತನ್ನ 5,000 ಈಥರ್ ಹಿಂದಕ್ಕೆ ಬರುತ್ತಿಲ್ಲವೆಂದು ದೂರಿದಾಗ! ಅಲ್ಲಿಯವರೆಗೆ ಜನರ ಟೋಕನುಗಳು ಕೈಯಲ್ಲೇ ಇದ್ದುವು. ಹಿಂದಿನ ಪೆಟ್ಟಿಗೆ ಮಾತ್ರ ಬರಿದಾಗಿತ್ತು.

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದರೆ ನಿನ್ನ ಕೈಯಲ್ಲಿರುವುದು ಹಣವಲ್ಲ, ಟೋಕನು. ಬೀಗದ ಕೈ ಎಷ್ಟು ಮಂದಿಯ ಬಳಿ ಇದೆ?”

ಮಗ ಮೊಬೈಲನ್ನೆತ್ತಿಕೊಂಡು ಹುಡುಕತೊಡಗಿದ.