ಮರದ ಸಾಮಾನಿನ ಬೂಷ್ಟು: ತಪ್ಪು ಮಳೆಯದೊಂದೇ ಅಲ್ಲ

ಜೂನ್ ತಿಂಗಳು ಹದಿನೈದು ದಿನ ಕಳೆಯುವುದರೊಳಗೆ ನಮ್ಮ ಬೆಳೆಗಾರರ ಮನೆಗಳಲ್ಲಿ ಮಂಚದ ಕಾಲು, ಬೀರುವಿನ ಬೆನ್ನು, ದೇವರ ಪೀಠ ಎಲ್ಲದರ ಮೇಲೂ ಬೂದಿಬಣ್ಣದ ಬೂಷ್ಟು ಕೂರುತ್ತದೆ. ಹೆಂಗಸರು ಒರೆಸುತ್ತಾರೆ, ವಾರಕ್ಕೆ ಮತ್ತೆ ಹಾಜರ್. ಮಲೆನಾಡೆಂದರೆ ಹೀಗೆಯೇ ಎಂದು ಸುಮ್ಮನಾಗುವುದು ವಾಡಿಕೆ. ಈ ವಾಡಿಕೆ ನಮಗೆ ಒಪ್ಪಿಗೆಯಿಲ್ಲ. ಬೂಷ್ಟು ಹಿಡಿದ ಮಂಚವೆಂಬ ನೆಪದಲ್ಲಿ ಬೀಟೆ, ಹಲಸಿನ ಸಾಮಾನುಗಳು ಹಳೇ ಸಾಮಾನಿನ ವ್ಯಾಪಾರಿಗಳ ಲಾರಿ ಏರುತ್ತಿವೆ. ಅವುಗಳ ಜಾಗಕ್ಕೆ ಮರದ ಪುಡಿ ಒತ್ತಿ ಮಾಡಿದ ಹಲಗೆಯ ಬೀರು ಬರುತ್ತದೆ. ಅದು ನೀರು ಕುಡಿದು ಉಬ್ಬಿದರೆ ಮುಗಿಯಿತು. ಬೀಟೆಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕಾದ ಈ ಕಾಲದಲ್ಲಿ ಹೋದ ಮಂಚ ಹೋದಂತೆಯೇ.

ಬೂಷ್ಟಿಗೆ ಬೇಕಾದ್ದು ಗಾಳಿಯೊಳಗಿನ ತೇವ. ಬೆಳಗಾವಿ ಜಿಲ್ಲೆಯೊಂದನ್ನೇ ನೋಡಿ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಮೂರು ಸಾವಿರ ಮಿಲಿಮೀಟರ್ ದಾಟುವುದು ಹೊಸ ಸುದ್ದಿಯಲ್ಲ. ಅದೇ ಜಿಲ್ಲೆಯ ನೇಸರಗಿ ಜೋಳ ಬೆಳೆಯುವ ಎರೆಭೂಮಿಯ ಸೀಮೆ. ಅಲ್ಲಿ ಮಳೆ ಅದರ ಒಂದು ಪಾಲೂ ಇಲ್ಲ. ಒಂದೇ ಮರದಿಂದ ಎರಡು ಪೆಟ್ಟಿಗೆ ಮಾಡಿಸಿ ಒಂದನ್ನು ನೇಸರಗಿಯಲ್ಲೂ ಇನ್ನೊಂದನ್ನು ಕಣಕುಂಬಿಯಲ್ಲೂ ಇಟ್ಟರೆ ಬೂಷ್ಟು ಯಾವುದಕ್ಕೆ ಮೊದಲು ಎಂದು ಹೇಳಬೇಕಾಗಿಲ್ಲ.

ಆದರೆ ಅಜ್ಜಂದಿರ ಕಾಲದಲ್ಲೂ ಮಳೆ ಇತ್ತು. ಬದಲಾದದ್ದು ಮನೆ. ಆಗ ಅಡಿಗೆಮನೆಯ ಒಲೆ, ಬಚ್ಚಲ ಹಂಡೆಯ ಒಲೆ ದಿನವಿಡೀ ಮನೆಯನ್ನು ಒಣಗಿಸುತ್ತಿದ್ದವು. ಹೆಂಚಿನ ಸಂದಿಯಲ್ಲಿ ಹಬೆ ಹೊರಗೆ ಹೋಗುತ್ತಿತ್ತು. ಇಂದು ಗ್ಯಾಸ್ ಒಲೆ, ತಾರಸಿ, ಗಾಜಿನ ಕಿಟಕಿ. ಗ್ಯಾಸ್ ಉರಿದಾಗ ನೀರಿನ ಹಬೆ ಹುಟ್ಟುತ್ತದೆ, ಹೊರಹೋಗಲು ದಾರಿಯಿಲ್ಲ. ಜೊತೆಗೆ ಒದ್ದೆ ಬಟ್ಟೆಯೂ ಒಳಗೇ. ಹೊಗೆ ತಿನ್ನುತ್ತಿದ್ದ ಹೆಂಗಸರ ಕಣ್ಣಿಗೆ ಗ್ಯಾಸು ಬಂದದ್ದು ದೊಡ್ಡ ಉಪಕಾರವೇ, ಹಳೆಯ ಒಲೆಗೆ ಹಿಂತಿರುಗಿ ಎಂದು ನಾವು ಹೇಳುತ್ತಿಲ್ಲ. ಮಳೆ ನಿಂತ ಗಳಿಗೆಯಲ್ಲಿ ಎದುರುಬದುರು ಕಿಟಕಿ ತೆಗೆಯಿರಿ, ಅಡಿಗೆಮನೆಗೆ ಹಬೆ ಎಳೆಯುವ ಫ್ಯಾನು ಹಾಕಿಸಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ ಎನ್ನುತ್ತೇವೆ. ಹಸಿ ಅಡಿಕೆ, ಅರೆಒಣಗಿದ ಚಾಲಿ, ಕಾಫಿ ಚೀಲಗಳನ್ನು ಮಲಗುವ ಕೋಣೆಗೆ ತುಂಬುವುದಂತೂ ಬೇಡ. ಪಾರ್ಚ್‌ಮೆಂಟನ್ನು ಶೇ. 10ರ ತೇವಕ್ಕೆ ಇಳಿಸಲು ಕಣದಲ್ಲಿ ಅಷ್ಟು ಪಾಡುಪಡುವ ನಾವು ಮಕ್ಕಳು ಮಲಗುವ ಕೋಣೆಯ ತೇವವನ್ನು ಮರೆಯುತ್ತೇವೆ. ಉಬ್ಬಸವಿರುವ ಮಕ್ಕಳಿಗೆ ಬೂಷ್ಟಿನ ಧೂಳು ಆಗದು.

ತೆಗೆಯುವ ಕ್ರಮವೂ ತಿಳಿದಿರಲಿ. ಸಾಮಾನನ್ನು ಜಗಲಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೃದುವಾದ ಬ್ರಷ್ಷಿನಿಂದ ಉಜ್ಜಬೇಕು. ಒಳಗೆ ಒಣಬಟ್ಟೆಯಲ್ಲಿ ಕೊಡವಿದರೆ ಬೂಷ್ಟಿನ ಬೀಜ ಮನೆಯೆಲ್ಲಾ ಹರಡುತ್ತದೆ. ಆಮೇಲೆ ಸಾಬೂನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಿಳಿ ವಿನೆಗರಿಗೆ ಸಮಪಾಲು ನೀರು ಬೆರೆಸಿ ಇನ್ನೊಮ್ಮೆ ಒರೆಸಿ, ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಿಸಬೇಕು. ಪಾಲಿಶ್ ಇದ್ದರೆ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಸುಡುಬಿಸಿಲಿಗಿಟ್ಟರೆ ಮರ ಬಿರಿಯುತ್ತದೆ. ಬ್ಲೀಚಿಂಗ್ ಪೌಡರ್ ಮರಕ್ಕೆ ತಕ್ಕದ್ದಲ್ಲ, ಬಣ್ಣ ಕೆಡುತ್ತದೆ. ಅದನ್ನು ವಿನೆಗರ್ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ತೋಟದಲ್ಲಿ ಉಳಿದ ಬೋರ್ಡೋ ದ್ರಾವಣವನ್ನು ಮಂಚಕ್ಕೆ ಬಳಿಯುವುದೂ ಬೇಡ, ನೀಲಿ ಕಲೆ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ, ಹಸಿ ಅಗಸೆಎಣ್ಣೆ ಸವರುವುದು ಬೂಷ್ಟಿಗೆ ಊಟ ಬಡಿಸಿದಂತೆ. ಬೂಷ್ಟಿನ ಮೇಲೆಯೇ ಪೇಂಟು ಬಳಿಸುವವರ ಬಗ್ಗೆ ಏನು ಹೇಳೋಣ!

ಮುಂಭಾಗಕ್ಕೆ ಕನ್ನಡಿಯಂಥ ಪಾಲಿಶ್ ಹೊಡೆದು ಬೆನ್ನು, ತಳ, ಸೆಳೆಪೆಟ್ಟಿಗೆಯ ಒಳಮೈಯನ್ನು ಹಸಿಯಾಗಿ ಬಿಡುವುದು ನಮ್ಮ ಆಚಾರಿಗಳ ಹಳೆಯ ಚಾಳಿ. ತೇವ ಒಳಗೆ ಹೋಗುವುದೇ ಅಲ್ಲಿಂದ. ಏಪ್ರಿಲ್‌ನಲ್ಲಿ ಮರ ಒಣಗಿರುವಾಗ, ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬಿಳಿಗಾರ, 20 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಈ ಹಸಿ ಭಾಗಗಳಿಗೆ ಎರಡು ಸಲ ಬಳಿದು, ಒಣಗಿದ ಮೇಲೆ ವಾರ್ನಿಶ್ ಕೊಡಿಸಿ. ತೊಟ್ಟಿಲಿಗೂ ಊಟದ ಮೇಜಿಗೂ ಇದು ಬೇಡ. ಬೀರುವಿನೊಳಗೆ ಹಿಂದೆ ಸಣ್ಣ ಬಲ್ಬು ಉರಿಸುತ್ತಿದ್ದರು. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಆ ಶಾಖವಿಲ್ಲ. ಬದಲಿಗೆ ಡಬ್ಬಿಯ ಮೂರನೆಯ ಒಂದು ಭಾಗ ಸುಟ್ಟಸುಣ್ಣದ ಹರಳು ಹಾಕಿ, ತೂತುಮುಚ್ಚಳ ಮುಚ್ಚಿ ಇಡಬಹುದು. ಅದು ಅರಳಿ ಪುಡಿಯಾದರೆ ಬದಲಾಯಿಸಿ; ಮಕ್ಕಳ ಕೈಗೂ ನೀರಿಗೂ ತಾಗದಿರಲಿ. ನುಸಿಗುಳಿಗೆಯಿಂದ ತೇವ ಇಳಿಯದು.

ಶತಮಾನದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಕಲಿಸಿಕೊಟ್ಟಂದಿನಿಂದ ಮಳೆಗೆ ಮೊದಲೇ ಔಷಧಿ ಹೊಡೆಯುವುದು ನಮಗೆ ರೂಢಿಯಾಗಿದೆ. ನಮ್ಮ ಸಂಘದ ಮಳಿಗೆ ಏಪ್ರಿಲ್‌ನಲ್ಲಿ ಮೈಲುತುತ್ತ ತರಿಸುವಾಗಲೇ ಬಿಳಿಗಾರ, ಬೋರಿಕ್ ಆಸಿಡ್‌ಗಳನ್ನೂ ಸಣ್ಣ ಪೊಟ್ಟಣಗಳಲ್ಲಿ, ಕನ್ನಡದ ಎಚ್ಚರಿಕೆ ಚೀಟಿಯೊಡನೆ ತರಿಸಿ ಸದಸ್ಯರಿಗೆ ಒದಗಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇವೆ.