ದೊಡ್ಡ ಎಲ್, ಚಿಕ್ಕ ಎಲ್

ಸ್ಟಾರ್ ಟ್ರೆಕ್ ನೋಡದೇ ಇರೋರೂ ಕ್ಲಿಂಗಾನ್ ಅನ್ನೋ ಹೆಸರು ಕೇಳಿರ್ತೀರಿ. ಹಣೆ ಮೇಲೆ ಏಣು ಏಣಾಗಿರೋ, ಸದಾ ಜಗಳಕ್ಕೆ ರೆಡಿ ಇರೋ ಅನ್ಯಗ್ರಹದವರು. ಅವರ ಭಾಷೆನ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದು ನೋಡಿದ್ರೆ ಯಾರೋ ಕ್ಯಾಪ್ಸ್ ಲಾಕ್ ಕೆಟ್ಟಿರೋ ಕೀಬೋರ್ಡಲ್ಲಿ ಟೈಪ್ ಮಾಡಿದ ಹಾಗಿರುತ್ತೆ. ಪದದ ಮಧ್ಯೆ ದೊಡ್ಡ ಅಕ್ಷರ, ಕೊನೆಗೆ ಅಪಾಸ್ಟ್ರಫಿ. ಜನ ನಗ್ತಾರೆ. ನನ್ನ ಪ್ರಕಾರ ನಾವು ವಾಟ್ಸಾಪಲ್ಲಿ ಬರೆಯೋ ಕನ್ನಡಕ್ಕಿಂತ ಆ ಸ್ಪೆಲ್ಲಿಂಗೇ ವಾಸಿ.

1979ರ ಮೊದಲ ಸಿನಿಮಾದಲ್ಲಿ ಈ ಭಾಷೆ ಇದ್ದಿದ್ದು ನಾಲ್ಕಾರು ಸಾಲು ಅಷ್ಟೇ. 1984ರ ಮೂರನೇ ಸಿನಿಮಾಗೆ ಮಾರ್ಕ್ ಓಕ್ರಾಂಡ್ ಅದನ್ನ ಪೂರ್ತಿ ಭಾಷೆಯಾಗಿ ಕಟ್ಟಿದ್ರು, 1985ರಲ್ಲಿ ನಿಘಂಟೂ ಬಂತು. ಇವರು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುತ್ಸುನ್ ಭಾಷೆಯ ವ್ಯಾಕರಣದ ಮೇಲೆ ಪಿಎಚ್‌ಡಿ ಮಾಡಿದ ಭಾಷಾವಿಜ್ಞಾನಿ, ಸುಮ್ನೆ ಬಾಯಿಗೆ ಬಂದಿದ್ದು ಬರೆದವರಲ್ಲ. ಸ್ಕ್ರಿಪ್ಟ್ ಓದಬೇಕಿದ್ದಿದ್ದು ನಟರು. ದೊಡ್ಡ ಅಕ್ಷರ ಕಂಡ್ರೆ 'ಇಲ್ಲಿ ನಿನ್ನ ಇಂಗ್ಲಿಷ್ ಉಚ್ಚಾರ ನಡೆಯಲ್ಲ' ಅಂತ ಅರ್ಥ. ವಾಕ್ಯದ ಶುರುವಿಗೆ, ಹೆಸರಿಗೆ ಅಂತೆಲ್ಲ ಅಲ್ಲಿ ಕ್ಯಾಪಿಟಲ್ ಹಾಕೋ ಹಾಗೇ ಇಲ್ಲ.

ನಮಗೆ ಮಜಾ ಅನ್ಸೋದು ಇಲ್ಲಿ. ಕ್ಲಿಂಗಾನ್‌ನಲ್ಲಿ ಕ್ಯಾಪಿಟಲ್ ಡಿ ಅಂದ್ರೆ ನಾಲಿಗೆ ತುದಿ ಹಿಂದಕ್ಕೆ ಮಡಿಸಿ ಹೇಳೋ ಧ್ವನಿ. ಅಂದ್ರೆ ನಮ್ಮ ಡ! ಕ್ಯಾಪಿಟಲ್ ಎಸ್ ಕೂಡ ಅದೇ ಜಾಗದಲ್ಲಿ, ಹತ್ತಿರ ಹತ್ತಿರ ನಮ್ಮ ಷ. ಹಾಲಿವುಡ್ ನಟರು ಬೆವರು ಸುರಿಸಿ ಕಲಿತಿದ್ದು ನಮಗೆ ಒಂದನೇ ಕ್ಲಾಸಲ್ಲೇ ಬಂದಿತ್ತು. ಆದ್ರೆ ಡ ಇದೆ ಅಂತ ಅದರ ಜೋಡಿ ಟ ಹುಡುಕಬೇಡಿ, ಅಲ್ಲಿ ಟಿ ಮಾಮೂಲಿ ಇಂಗ್ಲಿಷ್ ಟಿ. ಕ, ಗ, ಸ ಇಲ್ಲವೇ ಇಲ್ಲ. ನಮ್ಮ ವರ್ಣಮಾಲೆಯ ನೀಟಾದ ಸಾಲುಗಳನ್ನ ಬೇಕಂತಲೇ ಒದ್ದು ಕೆಡವಿದ ಹಾಗೆ. ಒಂದೊಂದೇ ಧ್ವನಿ ತಗೊಂಡ್ರೆ ಮನುಷ್ಯರ ಭಾಷೆಗಳಲ್ಲಿ ಸಿಗುತ್ತೆ, ಈ ಕಲಸುಮೇಲೋಗರ ಮಾತ್ರ ಸಿಗೋದು ಕಷ್ಟ.

ಒಟ್ಟು 21 ವ್ಯಂಜನ, 5 ಸ್ವರ. ಒಂದು ಗುರುತಿಗೆ ಒಂದೇ ಧ್ವನಿ. ಚಿಕ್ಕ ಕ್ಯೂ, ಎ, ದೊಡ್ಡ ಎಚ್ ಬರೆದ್ರೆ 'ಸರ್'. ಅದೇ ಕ್ಯೂ ದೊಡ್ಡದಾದ್ರೆ 'ಸಹಾಯ ಮಾಡು'. ಕೊನೆಗೆ ಬರೋ ಅಪಾಸ್ಟ್ರಫಿನೂ ಅಲಂಕಾರ ಅಲ್ಲ, ಗಂಟಲಲ್ಲಿ ಗಾಳಿನ ತಟ್ಟನೆ ತಡೆಯೋ ಒಂದು ವ್ಯಂಜನ.

ಈಗ ನಮ್ಮ ಕಥೆ. ಚಳ್ಳಕೆರೆ ಕಡೆ ನಮ್ಮ ಚಿಕ್ಕಪ್ಪ ಈರುಳ್ಳಿ ಹಾಕ್ತಾರೆ. ಹೋದ ವರ್ಷ ಮೆಸೇಜ್ ಬಂತು, ಇಂಗ್ಲಿಷ್ ಅಕ್ಷರದಲ್ಲಿ: ಈರುಳ್ಳಿ, ಆಮೇಲೆ ಬಿ-ಇ-ಎಲ್-ಇ, ಆಮೇಲೆ ಜಾಸ್ತಿ ಆಗಿದೆ. ನಾನು ಬೆಲೆ ಅಂತ ಓದಿ 'ಸೂಪರ್ ಚಿಕ್ಕಪ್ಪ, ಪಾರ್ಟಿ ಯಾವಾಗ?' ಅಂದೆ. ಅವರು ಬರೆದಿದ್ದು ಬೆಳೆ. ಎಲ್ಲರ ಹೊಲದಲ್ಲೂ ಬೆಳೆ ಜಾಸ್ತಿ ಬಂದು ಮಾರ್ಕೆಟ್ಟಲ್ಲಿ ರೇಟ್ ಬಿದ್ದೋಗಿತ್ತು. ಬಿಕಾಂ ಓದೋ ನನಗೆ ಸಪ್ಲೈ ಜಾಸ್ತಿಯಾದ್ರೆ ಏನಾಗುತ್ತೆ ಅಂತ ಅವರು ಫೋನ್ ಮಾಡಿ ಹೇಳಬೇಕಾಯ್ತು. ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

'ಸಂದರ್ಭ ನೋಡಿದ್ರೆ ಗೊತ್ತಾಗುತ್ತೆ ಬಿಡು' ಅಂತೀರಿ. ಈರುಳ್ಳಿ ವಿಷಯದಲ್ಲಿ ಬೆಲೆ, ಬೆಳೆ ಎರಡೂ ಸಂದರ್ಭಕ್ಕೆ ಸರಿಯಾಗೇ ಕೂತ್ಕೊಳ್ತವೆ, ಅರ್ಥ ಮಾತ್ರ ಉಲ್ಟಾ. (ಬೇಳೆಗೂ ಎಷ್ಟೋ ಜನ ಅದೇ ಸ್ಪೆಲ್ಲಿಂಗ್ ಹಾಕ್ತಾರೆ.) ಹಳ್ಳಿ, ಹಲ್ಲಿ ನೀವೇ ಬರೆದು ನೋಡಿ.

ಪರಿಹಾರ ಕ್ಲಿಂಗಾನರಿಂದ ಕಡ ತರಬೇಕಿಲ್ಲ, ಮನೇಲೇ ಇದೆ. ಕೆ. ಪಿ. ರಾವ್ ಅವರು ಮಾಡಿದ ಕನ್ನಡ ಕೀಲಿಮಣೆಯಲ್ಲಿ ಎಲ್ ಒತ್ತಿದ್ರೆ ಲ, ಶಿಫ್ಟ್ ಹಿಡಿದು ಎಲ್ ಒತ್ತಿದ್ರೆ ಳ. ಎನ್‌ಗೆ ನ, ಶಿಫ್ಟ್ ಎನ್‌ಗೆ ಣ. ಕನ್ನಡ ಲಿಪಿಯಲ್ಲೇ ಬರೆದ್ರೆ ಇನ್ನೂ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇಂಗ್ಲಿಷ್ ಅಕ್ಷರದಲ್ಲೇ ಬರೀತೀನಿ ಅಂತ ಹಠ ಮಾಡೋರು ಕನಿಷ್ಠ ಳ, ಣ ಬಂದಾಗ ದೊಡ್ಡ ಅಕ್ಷರ ಹಾಕಿ. ನೋಡೋಕೆ ವಿಚಿತ್ರ ಅನ್ಸುತ್ತೆ, ಅನ್ಸಲಿ. ನಾನು ಶುರು ಮಾಡಿದೀನಿ. ನಮ್ಮ ಕ್ಲಾಸ್ ಗ್ರೂಪಲ್ಲಿ ಆಗಲೇ ನನಗೆ ಕ್ಲಿಂಗಾನ್ ಅಂತ ಹೆಸರಿಟ್ಟಾಗಿದೆ.

ಚಿಕ್ಕಪ್ಪ ಈಗ ವಾಯ್ಸ್ ನೋಟ್ ಮಾತ್ರ ಕಳಿಸ್ತಾರೆ.